ಮುಚ್ಚಿಟ್ಟ ಸಂಖ್ಯೆ

ಪೂನಂ ಆ ಸಂಖ್ಯೆಯನ್ನು ನೋಡಬಾರದಿತ್ತು. ನೋಡಿಬಿಟ್ಟಳು. ರಜೆಗೆ ತನ್ನೂರು ಮುಡಬಿಗೆ ಬಂದವಳು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಉತ್ತರವನ್ನು ಮರೆಮಾಡುವ ಒಂದೇ ಒಂದು ಸಾಲನ್ನು ಪ್ರೋಗ್ರಾಮಿನಲ್ಲಿ ಸೇರಿಸಲು ಮರೆತಳು, ಅಷ್ಟೇ.

ಪುಣೆಯಲ್ಲಿ ಪಿಎಚ್‌ಡಿ ಮಾಡುವ ಅವಳ ಕೆಲಸ ಹೇಳಲು ಸುಲಭ, ಮಾಡಲು ಹೋದರೆ ಬೆವರಿಳಿಯುತ್ತದೆ. ವಿಶ್ವದ ಬಾಲ್ಯದಲ್ಲಿ ಹೊರಟ ಬೆಳಕು ನಮ್ಮನ್ನು ಮುಟ್ಟುವಷ್ಟರಲ್ಲಿ, ದಾರಿಯ ದ್ರವ್ಯದ ಸೆಳೆತಕ್ಕೆ ಚೂರು ಬಾಗಿರುತ್ತದೆ. ಅದು ಎಲ್ಲೆಲ್ಲಿ ಎಷ್ಟು ಬಾಗಿದೆ ಎಂಬ ನಕ್ಷೆ ಒಂದು; ಗೆಲಾಕ್ಸಿಗಳನ್ನು ಎಣಿಸಿ ಬರೆದ ನಕ್ಷೆ ಇನ್ನೊಂದು. ಎರಡನ್ನೂ ಹೊಂದಿಸಿದರೆ ದ್ರವ್ಯ ಎಷ್ಟು ಗಂಟುಗಟ್ಟಿದೆ ಎಂಬುದಕ್ಕೆ ಒಂದು ಸಂಖ್ಯೆ ಸಿಗುತ್ತದೆ. ಮನಸ್ಸು ಬೇಕಾದ ಕಡೆ ವಾಲದಿರಲಿ ಎಂದು, ಪರೀಕ್ಷೆಗಳೆಲ್ಲ ಮುಗಿಯುವ ತನಕ ತಂಡದವರು ಅದನ್ನು ತಮಗೂ ಕಾಣದಂತೆ ಮುಚ್ಚಿಡುತ್ತಾರೆ.

ಇನ್ನೂ ಒಂದು ನಿರ್ಧಾರ ಬಾಕಿಯಿತ್ತು: ಧೂಳು ಕವಿದು ಎಣಿಕೆ ಕೆಟ್ಟಿರಬಹುದಾದ ಆಕಾಶದ ಒಂದು ತುಂಡನ್ನು ಲೆಕ್ಕದಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ. ಅದು ಪೂನಂಳ ಪಾಲಿನ ಕೆಲಸ. ಕಂಡ ಸಂಖ್ಯೆಯೋ ಹಳೆಯ ಲೆಕ್ಕಕ್ಕೆ ಹೊಂದದ, ಹೊಸದೇನನ್ನೋ ಹೇಳುವಂಥ ಸಂಖ್ಯೆ. ಪ್ರಬಂಧದಲ್ಲಿ ಮೊದಲ ಹೆಸರು ಅವಳದು. ತುಂಡನ್ನು ಇಟ್ಟುಕೊಂಡರೆ ಸಂಖ್ಯೆ ಉಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅವಳಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

ಅವಳ ಅಪ್ಪ ಮಡೆಪ್ಪ ಹುಮನಾಬಾದಿನ ದನದ ಸಂತೆಯಲ್ಲಿ ದಲಾಲ. ಅಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನಡಿ ಕೈ ಹಿಡಿದು ಬೆರಳೊತ್ತಿ ಹೇಳುತ್ತಾರೆ. ಅಂದು ಮಧ್ಯಾಹ್ನವೇ ಮೋರೆ ಗಂಟಿಕ್ಕಿಕೊಂಡು ಬಂದ. ಇನ್ನೊಬ್ಬ ದಲಾಲ ಓಂಪ್ರಕಾಶನ ಟವೆಲ್ ಜಾರಿ, ಅವನು ಬೆರಳೊತ್ತಿ ಹೇಳುತ್ತಿದ್ದ ದರ ಮಡೆಪ್ಪನಿಗೆ ಕಂಡುಬಿಟ್ಟಿತಂತೆ. ತಾನೂ ದರ ಹೇಳಬೇಕಿದ್ದ ಆ ಒಳ್ಳೆಯ ಎತ್ತಿನ ಜೋಡಿಯನ್ನು ಬಿಟ್ಟು ಎದ್ದು ಬಂದಿದ್ದ.

“ನೀ ಬೇಕಂತ ನೋಡಿಲ್ಲಲ್ಲಪ್ಪಾ, ಯಾಕ ಬಿಟ್ಟಿ?” ಎಂದಳು ಪೂನಂ.

“ಬೇಕಂತ ನೋಡಿಲ್ಲವ್ವ. ಆದ್ರ ಕಂಡಮ್ಯಾಲ ನಾ ದರ ಹ್ಯಾಂಗ ಹೇಳ್ಲಿ? ಬೆರಳು ತಾನೇ ಅಲ್ಲಿಗೆ ಹೋಗ್ತದ.”

ಪೂನಂಳ ಚಹಾ ಆರಿ ನೀರಾಯಿತು. ಆಮೇಲೆ ತಂಡಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆದಳು.

ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಧೂಳಿನ ನಿರ್ಧಾರವನ್ನು ಜೊತೆಯ ಸಂಶೋಧಕ ಸಲಾವುದ್ದೀನನಿಗೆ ವಹಿಸಿದರು. ಮೊದಲ ಹೆಸರೂ ಅವನದಾಯಿತು. ಪೂನಂ ಬಚ್ಚಲಿಗೆ ಹೋಗಿ ಅತ್ತು ಬಂದಳು. ಸಂಖ್ಯೆ ಎಷ್ಟೆಂದು ಅರಿಯದ ಅವನು ಮೂರು ವಾರ ಪರೀಕ್ಷಿಸಿ ಆ ತುಂಡನ್ನು ತೆಗೆದುಹಾಕಿದ. ಸಂಖ್ಯೆಯನ್ನು ತೆರೆದಾಗ ಅದು ಹಳೆಯ ಲೆಕ್ಕಕ್ಕೇ ಬಂದು ಕೂತಿತ್ತು. ಹೊಸದೇನೂ ಇರಲಿಲ್ಲ.

ಅವನು ಬರೆದ ಕಾರಣಗಳನ್ನು ಪೂನಂ ಎರಡು ಸಲ ಓದಿದಳು. ಎಲ್ಲವೂ ಸರಿಯಿದ್ದವು. ಆ ತುಂಡನ್ನು ಉಳಿಸಿಕೊಳ್ಳಲು ಅಂದು ಪಡಸಾಲೆಯಲ್ಲಿ ಕೂತು ತಾನು ಜೋಡಿಸಿಕೊಂಡಿದ್ದ ನಾಲ್ಕು ಕಾರಣಗಳೂ ಅವಳಿಗೆ ಅಷ್ಟೇ ಸರಿಯಾಗಿ ಕಂಡಿದ್ದವು.