ಅಡುಗೆಮನೆಯ ಕಿಟಕಿಯ ತೀರ್ಥ

ಕೃಷ್ಣಾಬಾಯಿ ತೀರಿಕೊಳ್ಳುವ ಮುಂಚಿನ ವರ್ಷ ಮಂತ್ರಾಲಯಕ್ಕೆ ಹೋಗಿ, ತುಂಗಭದ್ರೆಯ ನೀರನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿಕೊಂಡು ಬಂದಿದ್ದಳು. ತೀರ್ಥ ತರುವುದು ತಾಮ್ರದ ಗಿಂಡಿಯಲ್ಲಿ. ಅದರಲ್ಲಿ ನೀರು ಕಾಣುವುದಿಲ್ಲವೆಂದು ಆಕೆ ಗಾಜನ್ನೇ ಆರಿಸಿ, ತಾರ್ನಾಕದ ಮನೆಯ ಅಡುಗೆಮನೆಯಲ್ಲಿ ಪೂರ್ವದ ಕಿಟಕಿಗೆ ಇಟ್ಟಳು. ಬೇಸಿಗೆ ಕಳೆಯುವಷ್ಟರಲ್ಲಿ ನೀರು ಎಳೆಹಸಿರಾಯಿತು. ಗಂಡನ ಅಕ್ಕ ತುಳಸಾಬಾಯಿ ಚೆಲ್ಲೆಂದರೂ ಆಕೆ ಚೆಲ್ಲಲಿಲ್ಲ.

ಕೃಷ್ಣಾಬಾಯಿ ಹೋದ ಮೇಲೆ ಗಂಡ ವಾಸುದೇವರಾಯರಿಗೆ ಬಾಟಲಿಯನ್ನು ಅಲ್ಲಿ ಬಿಡಲು ಮನಸ್ಸಾಗಲಿಲ್ಲ. ಕೆಲಸದವಳ ಕೈ ತಾಕೀತು, ಒಗ್ಗರಣೆ ಸಿಡಿದೀತು. ಮಡಿ ಪಂಚೆಯಲ್ಲಿ ಸುತ್ತಿ ದೇವರ ಕಪಾಟಿನ ಒಳಮೂಲೆಯಲ್ಲಿಟ್ಟರು. ಆ ಮನೆಯಲ್ಲಿ ಅದಕ್ಕಿಂತ ಗೌರವದ ಜಾಗ ಇರಲಿಲ್ಲ.

ಹೆಂಡತಿಯ ಮೊದಲ ವರ್ಷದ ಶ್ರಾದ್ಧಕ್ಕೆ, ವರ್ಷಾಬ್ದಿಕಕ್ಕೆ, ಇನ್ನೂ ಒಂದೂವರೆ ತಿಂಗಳಿರುವಾಗ ಬಿಚ್ಚಿ ನೋಡಿದರೆ ಹಸಿರು ಹೋಗಿತ್ತು. ತಳದಲ್ಲಿ ಕಂದು ಗಸಿ ಕೂತಿತ್ತು. ಇಷ್ಟು ಮಡಿಯಲ್ಲಿಟ್ಟರೂ ಆಕೆಯ ಕೈಯ ನೀರು ಕೆಟ್ಟಿತಲ್ಲ ಎಂದು ಅವರಿಗೆ ಆ ಹೊತ್ತು ಊಟ ಸೇರಲಿಲ್ಲ. ಊರಿನ ಇನ್ನೊಂದು ಬದಿಯ ಮೆಹದಿಪಟ್ಟಣದಿಂದ ಮಗಳ ಜೊತೆ ಬಂದಿದ್ದ ತುಳಸಾಬಾಯಿ, ಕೆಟ್ಟ ನೀರು ದೇವರ ಹತ್ತಿರ ಇರಬಾರದು, ಇವತ್ತೇ ಗಿಡದ ಬುಡಕ್ಕೆ ಹಾಕು ಎಂದಳು.

ಆ ಮಗಳು ನಲಿನಿ ತಾರ್ನಾಕದ ಪಕ್ಕದ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ನಾಲ್ಕು ಹನಿ ಕೊಡಿ, ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಚೆಲ್ಲಬೇಡಿ ಎಂದಳು. ಬಸ್ಸಿನಲ್ಲಿ ಬಂದ ಹುಡುಗಿ, ಮಡಿಯಲ್ಲಿಲ್ಲ. ರಾಯರು ಹೊಸ್ತಿಲಲ್ಲಿ ನಿಂತು, ಮುಟ್ಟದೆ, ಅವಳ ಸೀಸೆಗೆ ಮೇಲಿನಿಂದಲೇ ಹನಿಸಿದರು.

ಮರುದಿನ ಸಂಜೆ ಅವಳು ಕಂಡದ್ದನ್ನು ಹೇಳಿದಳು. ಅದು ಕೊಳೆಯಲ್ಲ, ಒಂದೊಂದೇ ಕೋಶದ ಪಾಚಿ. ಬಾಯಿಲ್ಲ, ಹೊಟ್ಟೆಯಿಲ್ಲ, ಮೈಯೊಳಗಿನ ಹಸಿರೇ ಬಿಸಿಲನ್ನು ಹಿಡಿದು, ನೀರು ಗಾಳಿಗಳಿಂದ ಸಕ್ಕರೆ ಮಾಡಿಕೊಳ್ಳುತ್ತದೆ, ನಾವು ಉಸಿರಾಡುವ ಗಾಳಿಯನ್ನು ಹೊರಗೆ ಬಿಡುತ್ತದೆ. ಕೆರೆಯ ಮೀನುಮರಿಗಳಿಗೆ ಮೂಲ ಆಹಾರ ಇವೇ. ಜಗತ್ತಿನಲ್ಲಿ ಹುಟ್ಟುವ ಪ್ರಾಣವಾಯುವಿನಲ್ಲಿ ಹೆಚ್ಚುಕಡಿಮೆ ಅರ್ಧ ಕಡಲಿನ ಇಂಥ ಸಣ್ಣ ಜೀವಗಳದ್ದೇ.

"ಬೆಳಕೇ ಅವುಗಳ ಅನ್ನ, ಮಾಮಾ. ಕಪಾಟಿನ್ಯಾಗ ಉಪವಾಸ ಬಿದ್ದಾವ."

"ಎಲ್ಲಾ ಸತ್ತಾವೇನು?"

"ಇಲ್ಲ. ಒಂದಿಷ್ಟು ಇನ್ನೂ ಅವ. ಮಾಮಿ ಇಟ್ಟ ಜಾಗಾನೇ ಬರೋಬ್ಬರಿ ಇತ್ತು."

ತುಳಸಾಬಾಯಿ ಮೂಗು ಮುರಿದಳು. "ಪಾಚಿಗೆ ನೈವೇದ್ಯ ಮಾಡೋದೊಂದು ಉಳದಿತ್ತು ನೋಡು."

"ಅದನ್ನ ಸೂರ್ಯನಾರಾಯಣ ಮಾಡ್ತಾನ, ಅಕ್ಕಾ," ಎಂದರು ರಾಯರು. "ನಾನು ನಡುವ ಬಾಗಲಾ ಹಾಕಿದ್ದೆ."

ಒಮ್ಮೆ ಕಿಟಕಿಗೆ ಹೋದರೆ ಬಾಟಲಿ ಮತ್ತೆ ಮಡಿಗೆ ಬರುವಂತಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ಬೆಳಿಗ್ಗೆ ಪೂಜೆ ಮುಗಿಸಿ ಪಂಚೆ ಬಿಚ್ಚಿ, ಬಾಟಲಿಯನ್ನು ಹೆಂಡತಿ ಇಟ್ಟಿದ್ದಲ್ಲಿಯೇ ಇಟ್ಟರು. ಕೆಲಸದ ಮಲ್ಲಮ್ಮನಿಗೆ, ಕಟ್ಟೆ ಒರೆಸುವಾಗ ಎತ್ತಿ ಒರೆಸು, ಆದರೆ ಅಲ್ಲೇ ಇಡು ಎಂದು ಹೇಳಿದರು.

ವರ್ಷಾಬ್ದಿಕದ ಬೆಳಿಗ್ಗೆ ತುಳಸಾಬಾಯಿ ತನ್ನ ಮಡಿ ಸೀರೆಯನ್ನು ಆ ಕಿಟಕಿಯ ಬಳಿ ಬಟ್ಟೆ ಒಣಹಾಕುವ ಗಳುವಿನ ಮೇಲೆ ಹರವಿದಳು. ಬಾಟಲಿಗೆ ನೆರಳು ಬಿತ್ತು. ಅಕ್ಕನ ಮಡಿಯನ್ನು ಕೈಯಿಂದ ಮುಟ್ಟುವಂತಿಲ್ಲ. ರಾಯರು ಮಡಿಕೋಲು ತಂದು ಸೀರೆಯನ್ನು ಅರ್ಧ ಸರಿಸಿದರು. ನೀರು ಮತ್ತೆ ಹಸಿರಾಗಿತ್ತು. ಬಿಸಿಲು ತಾಕಿ ಸ್ವಲ್ಪ ಹೊತ್ತಿಗೆ ಗಾಜಿನ ಒಳಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಟ್ಟಿಕೊಂಡವು.

"ಅದೇನು?" ತುಳಸಾಬಾಯಿ ಬಗ್ಗಿ ನೋಡಿದಳು.

"ಉಸಿರು," ಎಂದಳು ನಲಿನಿ.

ತುಳಸಾಬಾಯಿ ಬಹಳ ಹೊತ್ತು ನೋಡಿದಳು. ಆಮೇಲೆ ತಮ್ಮನ ಕೈಯಿಂದ ಕೋಲು ತೆಗೆದುಕೊಂಡು, ಸೀರೆಯ ಉಳಿದರ್ಧವನ್ನೂ ತಾನೇ ಸರಿಸಿದಳು.