ಖಲಾಸ್ ಅಂದ ಪಿಸ್ತೂಲು

ಟೀಪಾಯಿಯ ಮೇಲೆ, ಟೀ ಲೋಟಗಳ ಪಕ್ಕದಲ್ಲೇ ಎರಡು ಪಿಸ್ತೂಲು ಇಟ್ಟಿದ್ದರು. ನಾನು ದಿನಾ ಒರೆಸುವ ಟೀಪಾಯಿ ಅದು, ಮಗಳು ಕೂತು ಹೋಂವರ್ಕ್ ಮಾಡುವ ಜಾಗ. ಥೂ, ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ತೊಂಬತ್ತರ ಸೆಪ್ಟೆಂಬರ್. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ತಿಂಗಳು ಕಳೆದಿತ್ತು. ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಅಮ್ಮಾನ್, ಆಮೇಲೆ ವಿಮಾನದಲ್ಲಿ ಬೊಂಬಾಯಿ. ಹೋದವರೆಲ್ಲ ಹಾಗೇ ಹೋಗಿದ್ದರು. ಕೆಳಗಿನ ದಿನಸಿ ಅಂಗಡಿಯ ಅಬ್ದುಲ್ ನಾಸಿರ್ ಯಾರ್ಯಾರದೋ ಕಾಲು ಹಿಡಿದು ನಮಗೂ ಶನಿವಾರದ ಬಸ್ಸಿನಲ್ಲಿ ಜಾಗ ಮಾಡಿಸಿದ್ದ. ನನಗೆ, ಮಗಳು ಶ್ರಾವಣಿಗೆ, ಅತ್ತೆ ಭಾಗೀರಥಮ್ಮನವರಿಗೆ, ನನ್ನ ಗಂಡ ಶ್ಯಾಮಸುಂದರ್‌ಗೆ.

ಗಂಡ ಬರುವುದಿಲ್ಲವಂತೆ!

"ನೀವು ಮೂರು ಜನ ಹೋಗಿ ಪಾವನಾ. ನಾನು ಸಾಮಾನು ಕಾಯ್ತೀನಿ. ಪಕ್ಕದ ಬಿಲ್ಡಿಂಗ್ ಲೂಟಿ ಆಗಿದ್ದು ನೋಡಿದೆ ತಾನೇ? ಕಿಟಕಿ ಪರದೆ ಕೂಡ ಬಿಟ್ಟಿಲ್ಲ ಕಣೇ," ಎಂದರು.

ಸಾಮಾನು ಅಂದರೆ ಏನು ದೊಡ್ಡ ಸಂಪತ್ತು? ಒಂದು ವಿಸಿಆರ್, ಒಂದು ಕಾರ್ಪೆಟ್, ಮತ್ತೆ ಆ ಎರಡು ಬಾಗಿಲಿನ ಫ್ರಿಜ್ಜು. ಶರ್ಕ್ ಬಡಾವಣೆಯ ಬ್ಯಾಂಕಿನಲ್ಲಿ ಇವರಿಗೆ ಪ್ರಮೋಷನ್ ಸಿಕ್ಕಾಗ ತಂದದ್ದು. ಅದನ್ನು ಒರೆಸುವುದಕ್ಕೆ ನನಗೂ ಬಿಡುತ್ತಿರಲಿಲ್ಲ, ಅದಕ್ಕೇ ಬೇರೆ ಬಟ್ಟೆ ಇಟ್ಟಿದ್ದರು. ಇವರು ಬರುವುದಿಲ್ಲ ಅಂದದ್ದು ಕೇಳಿದ ಕೂಡಲೇ ಅತ್ತೆ "ಶಾಮು ಬರದಿದ್ರೆ ನಾನೂ ಇಲ್ಲೇ ಬಿದ್ದಿರ್ತೀನಿ" ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಶ್ರಾವಣಿ "ಐ ವೋಂಟ್ ಗೋ ವಿದೌಟ್ ಡ್ಯಾಡಿ" ಎಂದು ಬಾತ್‌ರೂಮಿನ ಚಿಲಕ ಹಾಕಿಕೊಂಡಳು. ಈ ಮನುಷ್ಯ ಹತ್ತದಿದ್ದರೆ ಯಾರೂ ಹತ್ತುವುದಿಲ್ಲ. ಕೈಮುಗಿದೆ, ಕಣ್ಣೀರಿಟ್ಟೆ, ಬೈದೆ. ಜಪ್ಪಯ್ಯ ಅಂದರೂ ಕೇಳಲಿಲ್ಲ.

ಕೇಳುವ ಬದಲು ಪಿಸ್ತೂಲು ತರಿಸಿದರು. ಆಗ ಕುವೈತಿನಲ್ಲಿ ಖುಬ್ಬೂಸ್ ರೊಟ್ಟಿ ಸಿಗುವುದು ಕಷ್ಟವಿತ್ತು, ಬಂದೂಕಲ್ಲ. ಆಯುಧ ಸಿಕ್ಕ ಮನೆಯವರನ್ನು ಗೋಡೆಗೆ ನಿಲ್ಲಿಸಿ ಹೊಡೆಯುತ್ತಾರೆ ಎಂದು ಊರೆಲ್ಲ ಮಾತು. ಆದರೂ ನಾಸಿರ್ ಯಾರದೋ ಹತ್ತಿರದಿಂದ ಎರಡನ್ನು ಹಿಟ್ಟಿನ ಚೀಲದಲ್ಲಿ ಹುದುಗಿಸಿ ತಂದ. ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಹಿಂದಕ್ಕೆ ಕೊಡುವುದಂತೆ, ಸೀರೆ ಅಂಗಡಿಯ ಹಾಗೆ. ಎರಡನೇ ಮಹಡಿಯ ಸಿವಿಲ್ ಇಂಜಿನಿಯರ್ ರಾಜೀವ್ ಸಲಹೆಗಾರ. ಅವನೂ ಹುಟ್ಟಿದಾರಭ್ಯ ಪಿಸ್ತೂಲು ಮುಟ್ಟಿದವನಲ್ಲ.

"ಇದು ಪಾಯಿಂಟ್ ಟ್ವೆಂಟಿಟೂ, ಇದು ಪಾಯಿಂಟ್ ಫಾರ್ಟಿಫೈವ್," ಎಂದ ರಾಜೀವ್. "ಗುಂಡಿನ ದಪ್ಪ ಸಾರ್. ಇಂಚಿನ ಲೆಕ್ಕ."

"ಅಂದ್ರೆ ಇದು ಅದರ ಡಬಲ್," ಎಂದರು ನನ್ನವರು. ಬ್ಯಾಂಕಿನವರಲ್ಲವೇ, ಡಬಲ್ ಅಂದರೆ ಬಾಯಲ್ಲಿ ನೀರು.

"ಮಾರುವವ ಹೇಳಿದ್ದುಂಟು ಸಾರ್," ಎಂದ ನಾಸಿರ್. "ಹೊಸಬರಿಗೆ ಸಣ್ಣದೇ ಒಳ್ಳೇದಂತೆ. ದೊಡ್ಡದು ಒದೀತದಂತೆ ಮಾರಾಯ್ರೆ. ಎರಡು ಕೈಯಲ್ಲಿ ಗಟ್ಟಿ ಹಿಡಿದು, ಸ್ವಲ್ಪ ಮುಂದೆ ಬಗ್ಗಿ ನಿಲ್ಲಬೇಕಂತೆ."

"ಸಣ್ಣದು ಏನಕ್ಕಯ್ಯಾ, ಸೊಳ್ಳೆ ಹೊಡೆಯೋಕಾ?" ನನ್ನವರು ಕಿಸಕ್ಕನೆ ನಕ್ಕರು. "ಕಳ್ಳ ನೋಡಿದ್ರೇ ಚಡ್ಡಿ ಒದ್ದೆ ಆಗ್ಬೇಕು. ದೊಡ್ಡದೇ ಇರಲಿ."

ಆಮೇಲೆ ಶುರುವಾಯಿತು ಒದೆತದ ಅಭ್ಯಾಸ. ಹೇಗೆ ಅಂತೀರಿ? ಇವರು ನನ್ನ ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ ನಿಲ್ಲುವುದು, ರಾಜೀವ್ ನನ್ನ ಲಟ್ಟಣಿಗೆಯಿಂದ ಅದಕ್ಕೆ ಕೆಳಗಿನಿಂದ ಗುದ್ದುವುದು! ಚಪಾತಿ ಲಟ್ಟಿಸುವ ಲಟ್ಟಣಿಗೆ! ಸೊಂಟಕ್ಕೆ ಬೆಲ್ಟಿಲ್ಲ, ಪಂಚೆ ಜಾರುತ್ತಿದೆ, ಹೊಟ್ಟೆ ಕುಣಿಯುತ್ತಿದೆ, ಮುಖದಲ್ಲಿ ಮಾತ್ರ ಭಾರೀ ಶೌರ್ಯ. ನಮ್ಮೂರ ಹದಿಮೂರನೇ ಕ್ರಾಸಿನ ಮದುವೆ ಛತ್ರದಲ್ಲಿ ಈ ಗಂಡಸಿಗೆ ನಾನು ಹಾರ ಹಾಕಿದ್ದೆನಲ್ಲಾ ಅನಿಸಿ ಹೇಸಿಗೆಯಾಯಿತು.

"ರೀ, ಅಮ್ಮ ಒಳಗೆ ಮಲಗಿದ್ದಾರೆ. ಈ ಹಾಳು ವಸ್ತು ಹೊರಗೆ ಹಾಕ್ತೀರೋ ಇಲ್ಲವೋ?" ಎಂದೆ.

"ನಿಂಗೆ ಅರ್ಥ ಆಗಲ್ಲ, ಸುಮ್ನಿರು."

ಅತ್ತೆಯ ಕೋಣೆ ಅಂದರೆ ಕೋಣೆಯಲ್ಲ. ಹಾಲಿನ ಒಂದು ಭಾಗಕ್ಕೆ ಪ್ಲೈವುಡ್ ಹೊಡೆಸಿ ಮಾಡಿದ್ದು. ಪ್ಲೈವುಡ್ಡಿಗೆ ಈ ಕಡೆಯಿಂದ ಒರಗಿ ಫ್ರಿಜ್ಜು, ಆ ಕಡೆ ಅತ್ತೆಯ ಮಂಚ.

ಇಸ್ತ್ರಿ ಪೆಟ್ಟಿಗೆ ಸಾಕಾಯಿತು, ನಿಜವಾದದ್ದನ್ನೇ ಕೈಗೆತ್ತಿಕೊಂಡರು. ರಾಜೀವ್ ಮೊದಲು ದೊಡ್ಡ ಪಿಸ್ತೂಲಿನ ಮೇಲುಭಾಗವನ್ನು ಸಿನಿಮಾದವರ ಹಾಗೆ ಹಿಂದಕ್ಕೆಳೆದು ಟಕ್ಕನೆ ಬಿಟ್ಟ. ಸದ್ದು ಕೇಳಿ ಮೂವರಿಗೂ ಖುಷಿ. ಆಮೇಲೆ ಜಾಣನ ಹಾಗೆ ಹಿಡಿಯೊಳಗಿನ ಮ್ಯಾಗಜೀನ್, ಅದೇ ಗುಂಡು ತುಂಬಿದ ಡಬ್ಬಿ, ಹೊರಗೆ ತೆಗೆದು ಟೀಪಾಯಿಯ ಮೇಲಿಟ್ಟ.

"ಖಲಾಸ್," ಎಂದ.

ಆ ದಿನಗಳಲ್ಲಿ ನಮಗೆ ಎಲ್ಲದಕ್ಕೂ ಅದೊಂದೇ ಮಾತು. ಗ್ಯಾಸ್ ಖಲಾಸ್, ಅಕ್ಕಿ ಖಲಾಸ್, ವೀಸಾ ಕೊಟ್ಟ ಧಣಿ ಕಫೀಲ್ ಊರು ಬಿಟ್ಟ, ನೌಕರಿ ಖಲಾಸ್. ಅರಬರಿಂದ ಕಲಿತ ಮಾತು; ಅದನ್ನು ಆಡಿದ ಮೇಲೆ ಯಾರೂ ಡಬ್ಬಿಯ ತಳ ನೋಡುತ್ತಿರಲಿಲ್ಲ.

"ಖಲಾಸಾ?" ಎಂದ ನಾಸಿರ್.

"ಖಲಾಸ್, ಖಲಾಸ್," ಎಂದು ನನ್ನವರು ಹಾಯಾಗಿ ಉಸಿರು ಬಿಟ್ಟು, ಪಿಸ್ತೂಲನ್ನು ಒಂದೇ ಕೈಯಲ್ಲಿ ಎತ್ತಿ ಕುದುರೆ ಎಳೆದರು.

ಕಿವಿ ಗುಂಯ್ ಎಂದಿತು. ರಾಜೀವ್ ಟಕ್ಕನೆ ಬಿಟ್ಟಾಗಲೇ ಒಂದು ಗುಂಡು ಡಬ್ಬಿಯಿಂದ ಮೇಲೇರಿ ನಳಿಗೆಯಲ್ಲಿ ಕೂತುಬಿಟ್ಟಿತ್ತು. ಪಿಸ್ತೂಲು ಒದ್ದ ಒದೆತಕ್ಕೆ ಇವರ ಕೈ ಹಿಂದಕ್ಕೆ ಮಡಚಿ, ಆ ಕಬ್ಬಿಣ ಇವರದೇ ಹುಬ್ಬಿಗೆ ಬಡಿಯಿತು. ಹೆಬ್ಬೆರಳ ಬುಡದ ಚರ್ಮ ಕಿತ್ತು ನೇತಾಡುತ್ತಿತ್ತು. ಫ್ರಿಜ್ಜಿನ ಬಾಗಿಲಲ್ಲಿ ತೂತು.

ಫ್ರಿಜ್ಜಿನ ಹಿಂದೆ ಪ್ಲೈವುಡ್. ಪ್ಲೈವುಡ್ಡಿನ ಹಿಂದೆ ಅತ್ತೆ.

ನಾನು ಒಳಗೆ ಓಡಿದೆ. ಮಂಚ ಖಾಲಿ. ನೀರಿನ ಚೊಂಬಿಗಾಗಿ ಬಗ್ಗಿದ್ದ ಮುದುಕಿ ನೆಲದಲ್ಲಿ ಕುಕ್ಕರಿಸಿ, ದಿಂಬಿನ ಮೇಲೆ ಉದುರಿದ ಗಾರೆಯನ್ನು ನೋಡುತ್ತಿದ್ದರು. ತಲೆಯಿಡುವ ಜಾಗದ ನೇರಕ್ಕೆ ಗೋಡೆ ಒಡೆದಿತ್ತು. "ಏನಾಯ್ತೇ? ಶಾಮು ಎಲ್ಲಿ? ಮಗೂಗೆ ಏನೂ ಆಗಿಲ್ಲ ತಾನೇ?" ಎಂದರು. ಐವತ್ತಕ್ಕೆ ಹತ್ತಿರವಾದ ಮಗು. ಅವರನ್ನು ತಬ್ಬಿಕೊಂಡೇ ಬಾಗಿಲಿನಿಂದ ಹೊರಗೆ ನೋಡಿದೆ.

ಮಗು ಫ್ರಿಜ್ಜಿನ ಮುಂದೆ ಮಂಡಿಯೂರಿತ್ತು. ರಕ್ತ ಸುರಿಯುವ ಕೈಯಲ್ಲೇ ತೂತನ್ನು ಸವರುತ್ತಿತ್ತು. "ಅಯ್ಯೋ ರಾಜೀವ್, ಗ್ಯಾಸ್ ಪೈಪಿಗೆ ಬಿತ್ತೇನೋ ನೋಡಪ್ಪಾ," ಎನ್ನುತ್ತಿತ್ತು.

ನಾಸಿರ್ ನನ್ನ ಮುಖ ನೋಡಿದ, ಎರಡು ಪಿಸ್ತೂಲನ್ನೂ ಹಿಟ್ಟಿನ ಚೀಲಕ್ಕೆ ತುರುಕಿಕೊಂಡು ಇಳಿದುಹೋದ. ರಾಜೀವ್ ಚಪ್ಪಲಿ ಬಿಟ್ಟೇ ಓಡಿದ್ದ. ಮತ್ತೆ ಬಾತ್‌ರೂಮು ಸೇರಿದ್ದ ಶ್ರಾವಣಿ ಒಳಗಿನಿಂದಲೇ ಕಿರುಚುತ್ತಿದ್ದಳು. ಸದ್ದು ಕೇಳಿ ಸೈನಿಕರು ಹತ್ತಿ ಬರಬಹುದು ಎಂದು ಹೊಳೆದ ಮೇಲೆ ನಮ್ಮ ವೀರರು ಓಡಿ ಬಾಗಿಲಿನ ಚಿಲಕ ಹಾಕಿದರು. ಯಾರೂ ಬರಲಿಲ್ಲ, ಆ ಬೀದಿಯಲ್ಲಿ ಗುಂಡಿನ ಸದ್ದು ಯಾರಿಗೂ ಹೊಸದಲ್ಲ. ಆದರೆ ಅವತ್ತು ಸಂಜೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಪೆಟ್ಟಿಗೆ ಕಟ್ಟಿಟ್ಟವರು ಅವರೇ.

ಶನಿವಾರ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ಹುಬ್ಬು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಕೈಗೆ ನನ್ನ ಹಳೇ ಸೀರೆಯ ಪಟ್ಟಿ. ಮುಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ಶ್ರಾವಣಿಯ ತಲೆ. ತಿಂಗಳಿಡೀ ನಾನು ಹರಕೆ ಹೊತ್ತು ಬೇಡಿಕೊಂಡದ್ದು ಇದನ್ನೇ, ನಾಲ್ಕು ಜನ ಒಂದೇ ಬಸ್ಸಿನಲ್ಲಿ. ಅವರ ತೋಳು ನನ್ನ ತೋಳಿಗೆ ತಾಗಿದಾಗ ನಾನು ಕಿಟಕಿಗೆ ಸರಿದು ಕೂತೆ.

"ಇನ್ನೂ ಕೋಪಾನಾ ಪಾವನಾ?" ಎಂದು ಮೆಲ್ಲಗೆ ಕೇಳಿದರು.

"ಖಲಾಸ್," ಎಂದೆ.

"ಸದ್ಯ," ಎಂದು ಹಾಯಾಗಿ ಉಸಿರು ಬಿಟ್ಟರು. ಮ್ಯಾಗಜೀನ್ ಹೊರಗೆ ತೆಗೆದಾಗ ಬಿಟ್ಟಿದ್ದರಲ್ಲ, ಅದೇ ಉಸಿರು. ಬಸ್ರಾ ದಾಟುವ ಮೊದಲೇ ಗೊರಕೆ ಹೊಡೆಯುತ್ತಿದ್ದರು.