ಎರಡೆರಡು ಮಾತ್ರೆ

ಲ್ಯಾಬಿನಲ್ಲಿ ಗಂಗೋತ್ರಿ ಪರೀಕ್ಷೆಯ ಪ್ಲೇಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದಳು. ನೋಡಿದಷ್ಟೂ ಮೈ ಉರಿಯಿತು. ಅಂಗೈಯಗಲದ ಆ ಪ್ಲೇಟಿನ ಮೇಲೆ ಹಿಂದಿನ ದಿನ ಅವಳೇ ಕೂತು, ರೋಗಿಯ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಸಮನಾಗಿ ಸವರಿ, ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟಿದ್ದಳು. ಔಷಧ ಕೆಲಸ ಮಾಡಿದರೆ ಆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ಸ್ವಚ್ಛವಾದ ವೃತ್ತ ಉಳಿಯುತ್ತದೆ. ಇಲ್ಲಿ ಒಂದರ ನಂತರ ಒಂದು ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ಬಂದು ನಿಂತಿತ್ತು. ವೃತ್ತ ಉಳಿದದ್ದು ಮೂರರ ಸುತ್ತ ಮಾತ್ರ. ಆ ಮೂರರಲ್ಲಿ ಒಂದು ಬಸುರಿಗೆ ಕೊಡಬಾರದ್ದು. ಇನ್ನೊಂದು ಮೂತ್ರಕೋಶದ ಉರಿಗೆ ಸಾಕು, ಮೂತ್ರಪಿಂಡಕ್ಕೆ ಏರಿದ ಸೋಂಕಿಗೆ ಸಾಲದು. ಮಿಕ್ಕಿದ್ದು ಒಂದೇ ಒಂದು, ದುಬಾರಿ ಇಂಜೆಕ್ಷನ್ನು. ಅದನ್ನೂ ಕೆಡಿಸಿಕೊಂಡರೆ ಮುಂದೆ ಕೊಡಲು ಅವಳಿಗೆ ಗೊತ್ತಿದ್ದ ಸುಲಭದ ಔಷಧ ಯಾವುದೂ ಇರಲಿಲ್ಲ.

ರೋಗಿ ಹೊರಗೆ ಬೆಂಚಿನ ಮೇಲೆ ದುಪ್ಪಟಿ ಹೊದ್ದು ನಡುಗುತ್ತಾ ಕೂತಿದ್ದಳು. ಹೆಸರು ಮಲ್ಲೇಶ್ವರಿ. ಆರು ತಿಂಗಳ ಬಸುರಿ. ಆಂಧ್ರದ ಆದವಾನಿಯಲ್ಲಿ ಗಂಗೋತ್ರಿಯ ಮಾವ ಸೋಮಶೇಖರಪ್ಪನವರ ಹತ್ತಿಕಾಳು ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುವ ಕೆಲಸ.

"ಈ ಉರಿ ಎಷ್ಟು ದಿನದಿಂದ ಐತಿ?"

"ಬರತೈತಿ, ಹೋಗತೈತಿ ಮೇಡಮ್ಮ. ಹೋದ ವರ್ಷದಿಂದನೂ ಹಂಗ."

"ಬಂದಾಗ ಏನು ತಗೊಂತಿದ್ದಿ?"

ಮಲ್ಲೇಶ್ವರಿ ಅವಳ ಮುಖವನ್ನೇ ನೋಡಿದಳು, ಇದನ್ನೂ ಕೇಳಬೇಕೇ ಎಂಬಂತೆ. "ಅವ್ವಾರ ಮಾತ್ರಿ."

ಅವ್ವಾರು ಎಂದರೆ ಗಂಗೋತ್ರಿಯ ಅತ್ತೆ ಅಕ್ಕನಾಗಮ್ಮ. ಪ್ರತಿ ಸೋಮವಾರ ಪೂಜೆ ಮುಗಿಸಿ, ವಿಭೂತಿ ಹಚ್ಚಿದ ಹಣೆಯಲ್ಲೇ ಮನೆಯ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದರು. ಬಂಧುಬಳಗದವರು ತಿಂದು ಉಳಿಸಿದ ಮಾತ್ರೆ, ಮೆಡಿಕಲ್ ಶಾಪಿನಿಂದ ತರಿಸಿದ ಮಾತ್ರೆ ಎಲ್ಲ ಅದರೊಳಗೆ. ನೆಗಡಿ ಎಂದವರಿಗೆ, ಉರಿ ಎಂದವರಿಗೆ, ಮೈಕೈ ನೋವು ಎಂದವರಿಗೆ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಎರಡೆರಡು ಕೊಡುತ್ತಿದ್ದರು. ಮಿಲ್ಲಿನ ಹೆಂಗಸರು ಸೆರಗೊಡ್ಡಿ ಇಸಕೊಂಡು, ಕಣ್ಣಿಗೆ ಒತ್ತಿಕೊಂಡು ಹೋಗುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡು ಗಂಗೋತ್ರಿ ಒಂದೆರಡು ಸಲ ಮೆಲ್ಲಗೆ ಹೇಳಿದ್ದಳು. ಆಮೇಲೆ ಸೊಸೆಯಾಗಿ ಸುಮ್ಮನಾಗಿದ್ದಳು.

ಇವತ್ತು ಸುಮ್ಮನಿರುವುದು ಅವಳಿಂದ ಆಗಲಿಲ್ಲ. ರಿಪೋರ್ಟನ್ನು ಹೆರಿಗೆ ಡಾಕ್ಟರಿಗೆ ತಾನೇ ಕೊಟ್ಟು, ಮಲ್ಲೇಶ್ವರಿಗೆ ಮೊದಲ ಇಂಜೆಕ್ಷನ್ ಬೀಳುವವರೆಗೆ ಪಕ್ಕದಲ್ಲೇ ನಿಂತಿದ್ದು, ಊಟದ ಹೊತ್ತಿಗೆ ಆಟೋ ಹತ್ತಿ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅತ್ತಿ, ಆ ಡಬ್ಬಿ ಎಲ್ಲೈತಿ?"

ಅಕ್ಕನಾಗಮ್ಮ ರೊಟ್ಟಿ ಬಡಿಯುತ್ತಿದ್ದರು. "ಯಾಕವ್ವ, ತಲಿ ನೋವೇನು?"

"ಯಾರ‍್ಯಾರಿಗೆ ಏನೇನು ಕೊಟ್ಟೀರಿ, ನೆನಪೈತೇನು ನಿಮಗ?"

"ಕೊಟ್ಟಿದ್ದನ್ನ ನೆನಪಿಟ್ಟರೆ ಅದು ದಾನ ಆಗತೈತೇನ?"

"ದಾನ ಅಲ್ಲರಿ ಅದು!" ಗಂಗೋತ್ರಿಯ ದನಿ ಅಡಿಗೆಮನೆಯ ಜಂತಿಗೆ ತಾಗುವಷ್ಟು ಏರಿತು. "ಹತ್ತು ಮಾತ್ರಿ ಒಬ್ಬಾಕಿ ತಿನ್ನಬೇಕಾದದ್ದನ್ನ ಐದು ಮಂದಿಗೆ ಹಂಚ್ತೀರಿ. ಐದು ಮಂದಿ ಪುಣ್ಯ ಬರತೈತಿ ಅಂತ. ಆ ಐದರಾಗ ಒಬ್ಬಾಕಿ ಜಡ್ಡೂ ಹೋಗಂಗಿಲ್ಲ."

"ಎರಡು ತಿಂದರ ಜ್ವರ ಬಿಡತೈತಿ. ನಾನು ಕಣ್ಣಾರ ನೋಡೀನಿ. ಹತ್ತೂ ತಿಂದರ ಮೈಗೆ ಒಗ್ಗಿಹೋಗತೈತಿ ಅಂತ ನಮ್ಮ ಅಪ್ಪಾಜಿ ಹೇಳ್ತಿದ್ದರು."

"ಮೈಗೆ ಒಗ್ಗೋದಲ್ಲ ಅತ್ತಿ! ಒಗ್ಗೋದು ಕ್ರಿಮಿಗೆ. ಎರಡು ಮಾತ್ರಿಗೆ ಸಾಯೋವು ಬಡಪಾಯಿ ಕ್ರಿಮಿ. ಗಟ್ಟಿ ಇದ್ದವು ಉಳಕೊಂತಾವ. ಜಾಗ ಖಾಲಿ ಆತಲ್ಲ, ಅವೇ ಬೆಳಿತಾವ. ಮುಂದಿನ ಸಲ ಅದೇ ಮಾತ್ರಿ ಕೊಟ್ಟರ ಅವು ನಗತಾವ. ಬ್ಯಾರೆ ಬಣ್ಣದ್ದು ಕೊಡ್ತೀರಿ, ಅದನ್ನೂ ಕಲಿತಾವ. ನೆಗಡಿಗೆ ಈ ಮಾತ್ರಿ ನಾಟೋದೇ ಇಲ್ಲ, ಅದಕ್ಕೂ ಕೊಡ್ತೀರಿ. ಈಗ ಮಲ್ಲೇಶ್ವರಿಗೆ ಉಳಿದಿರೋದು ಒಂದೇ ಔಷಧ. ಒಂದೇ!"

ಅಕ್ಕನಾಗಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ತವೆಯ ಮೇಲಿನ ರೊಟ್ಟಿ ಕಪ್ಪಗಾಯಿತು.

"ಅಂದರ ನಾನು ಆಕಿಗೆ ವಿಷ ಹಾಕೀನಿ ಅಂತಿ."

ವಿಷವೆಂದು ಅವಳು ಅಂದಿರಲಿಲ್ಲ. ಒಬ್ಬರ ಮಾತ್ರೆಯಿಂದಲೇ ಹೀಗಾಯಿತೆಂದು ಯಾವ ಪ್ಲೇಟೂ ಹೇಳುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಚೀಟಿಯಿಲ್ಲದೆ ಮಾರುವ ಅಂಗಡಿಗಳಿದ್ದವು, ಸುಮ್ಮನೆ ಸೂಜಿ ಚುಚ್ಚುವವರಿದ್ದರು. ಆದರೂ ಸಿಟ್ಟು ಅವಳ ನಾಲಿಗೆಯನ್ನು ಬಿಡಲಿಲ್ಲ.

"ಹೌದು, ಹಂಗ ಅಂದ್ಕೋರಿ."

ಅವತ್ತಿನಿಂದ ಅತ್ತೆ ಸೊಸೆಯೊಡನೆ ಮಾತು ಬಿಟ್ಟರು. ಸೋಮವಾರ ಡಬ್ಬಿ ಕಟ್ಟೆಗೆ ಬರಲಿಲ್ಲ. ಬಂದ ಹೆಂಗಸರು ಬರಿಗೈಲಿ ಹೋಗುವಾಗ ಒಬ್ಬಳು ಗೇಟಿನಾಚೆ ತೆಲುಗಿನಲ್ಲಿ, ಓದಿದ ಸೊಸೆ ಬಂದು ಮನೆಯ ಧರ್ಮ ಕೆಡಿಸಿದಳು ಎಂದದ್ದು ಗಂಗೋತ್ರಿಗೆ ಕೇಳಿಸಿತು. ಕೇಳಿಸಲಿ ಎಂದೇ ಆ ಹೆಂಗಸು ಅಂದದ್ದು.

ಮಲ್ಲೇಶ್ವರಿಯ ಜ್ವರ ಮೂರನೆಯ ದಿನಕ್ಕೇ ಬಿಟ್ಟಿತು. ಸೊಂಟದ ನೋವೂ ಇಳಿಯಿತು. ಡಾಕ್ಟರು ಬರೆದ ಇಂಜೆಕ್ಷನ್ನು ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು. ಮಾರನೆಯ ಮಧ್ಯಾಹ್ನ ನರ್ಸಿಂಗ್ ಹೋಮಿನಲ್ಲಿ ಅವಳಿಗೆ ದಿನವೂ ಇಂಜೆಕ್ಷನ್ ಹಾಕುತ್ತಿದ್ದ ನರ್ಸ್ ನಾಗಜ್ಯೋತಿ ಫೋನು ಮಾಡಿದಳು.

"ಮೇಡಂ, ನಿಮ್ಮ ಮಲ್ಲೇಶ್ವರಿ ಇವತ್ತು ರಾಲೇದು, ಬಂದೇ ಇಲ್ಲ. ಫೋನ್ ಮಾಡಿದರ ಕಟ್ ಮಾಡ್ತಾಳ. ಔಷಧ ಕಲಸಿ ಇಡಲೋ ಬ್ಯಾಡೋ?"

"ಕಲಸಬ್ಯಾಡ. ನಾನೇ ಆಕಿನ್ನ ಹಿಡಕೊಂಡು ಬರ್ತೀನಿ."

ಆಟೋದಲ್ಲಿ ಕೂತ ಗಂಗೋತ್ರಿಯ ಹಲ್ಲು ಒಂದರ ಮೇಲೊಂದು ಮಸೆಯುತ್ತಿದ್ದವು. ಜ್ವರ ಬಿಟ್ಟರೆ ಸಾಕು ಇವರಿಗೆ. ಒಳಗೆ ಉಳಿದದ್ದು ಮತ್ತೆ ಎದ್ದಾಗ ಈ ಇಂಜೆಕ್ಷನ್ನಿಗೂ ಬಗ್ಗದಿದ್ದರೆ? ಸೋಂಕು ರಕ್ತಕ್ಕೆ ಇಳಿದರೆ? ತಾಯಿ, ಹೊಟ್ಟೆಯ ಕೂಸು, ಎರಡೂ ಹೋಗುತ್ತವೆ. ಕಲಿಸಿಕೊಟ್ಟರೂ ಕಲಿಯುವುದಿಲ್ಲ ಎಂದರೆ ಏನು ಮಾಡಬೇಕು?

ಮಿಲ್ಲಿನ ಅಂಗಳದಲ್ಲಿ ಹತ್ತಿ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಯಂತ್ರದ ಸದ್ದಿಗೆ ನೆಲ ಅದುರುತ್ತಿತ್ತು. ತಗಡಿನ ಶೆಡ್ಡಿನ ಕೆಳಗೆ, ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರ ನಡುವೆ ಮಲ್ಲೇಶ್ವರಿ ಕಾಲು ಚಾಚಿ ಕೂತು ಹತ್ತಿಯಿಂದ ಒಣ ಎಲೆ ಆರಿಸುತ್ತಿದ್ದಳು. ಕೂದಲು, ಹುಬ್ಬು ಎಲ್ಲ ಬೆಳ್ಳಗೆ ಧೂಳು.

"ಏಳು ಮ್ಯಾಲೆ!" ಗಂಗೋತ್ರಿ ಎಲ್ಲರೆದುರೇ ಕೂಗಿದಳು. "ನಿನಗ ಬುದ್ಧಿ ಐತೇನು? ಒಂದೇ ಔಷಧ ಉಳಿದೈತಿ ಅಂತ ಬಡಕೊಂಡೆ. ಅದನ್ನೂ ಅರ್ಧಕ್ಕ ಬಿಟ್ಟು ಬಂದು ಇಲ್ಲಿ ಕುಂತೀಯಲ್ಲ! ಕೂಸಿಂದರ ಆಸಿ ಐತೋ ಇಲ್ಲೋ?"

ಮಲ್ಲೇಶ್ವರಿ ಏಳಲಿಲ್ಲ. ಸೆರಗನ್ನು ಮೂಗಿನಿಂದ ಕೆಳಗೆಳೆದಳು.

"ಅವ್ವಾರು ಎರಡು ತಿನ್ನು ಅಂದರು, ಎರಡು ತಿಂದೆ. ನೀವು ಪೂರ್ತಿ ಮಾಡಿಸ್ಕೋ ಅಂದ್ರಿ. ಸರೇ ಅಂದೆ. ದಿನಾ ಮಧ್ಯಾಹ್ನ ಎದ್ದು ಹೋದರ ನಾಳೆಯಿಂದ ಬರಬ್ಯಾಡ ಅಂದಾನ ಮೇಸ್ತ್ರಿ ಬಾಲರಾಜ. ನನ್ನ ಜಾಗಕ್ಕ ಹೊಳಗುಂದದಿಂದ ಬ್ಯಾರೆಯಾಕಿನ್ನ ಕರಸ್ತಾನಂತ. ಯಾರ ಮಾತು ಕೇಳಲಿ ಹೇಳ್ರಿ? ಮಿಲ್ಲು ನಿಮ್ಮದ. ಮಾತ್ರಿ ನಿಮ್ಮದ. ಬೈಗಳಾನೂ ನಿಮ್ಮದ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಗಂಗೋತ್ರಿಯ ಬಾಯಿಗೆ ಬಂದದ್ದು, ದಿನವೂ ಲ್ಯಾಬಿನಲ್ಲಿ ಎಲ್ಲರಿಗೂ ಹೇಳುವ ಮಾತು.

"ನೀರರ ಚೆನ್ನಾಗಿ ಕುಡಿತೀಯೋ ಇಲ್ಲೋ?"

ಈ ಸಲ ಶೆಡ್ಡಿಗೆ ಶೆಡ್ಡೇ ನಕ್ಕಿತು. ನಗು ಚೆನ್ನಾಗಿರಲಿಲ್ಲ.

"ನೀರು ಕುಡಿಬೇಕಂತ ನೋಡ್ರೇ!" ಮೂಲೆಯಲ್ಲಿದ್ದ ಮುದುಕಿ ಕೊಟ್ರಮ್ಮ ಅಂದಳು. "ಕುಡಿದು ಎಲ್ಲಿಗೆ ಹೋಗೂಣು ತಾಯಿ? ಗಂಡಸರು ಗ್ವಾಡಿಗೆ ನಿಂತು ಮುಗಸ್ತಾರ. ನಾವು ಮುಂಜಾನೆ ಮನಿ ಬಿಟ್ಟರ ಸಂಜಿ ತನ ಬಿಗಿ ಹಿಡಕೊಂಡು ಕುಂದ್ರತೀವಿ. ನೀರು ಮುಟ್ಟಂಗಿಲ್ಲ."

"ಯಾಕ, ಇಲ್ಲಿ ಸಂಡಾಸ ಇಲ್ಲೇನು?"

"ಐತಲ್ಲ. ಬರ್ರಿ, ತೋರಸ್ತೀನಿ." ಈಗ ಮಲ್ಲೇಶ್ವರಿ ಎದ್ದಳು, ಒಂದು ಕೈ ಸೊಂಟಕ್ಕೆ ಕೊಟ್ಟು.

ಹತ್ತಿಕಾಳಿನ ರಾಶಿಯ ಹಿಂದೆ, ಕಾಂಪೌಂಡಿನ ಮೂಲೆಯಲ್ಲಿ, ಎರಡು ಬಾಗಿಲಿನ ಸಣ್ಣ ಕಟ್ಟಡ. ಒಂದರ ಮೇಲೆ ಸೀರೆ ಉಟ್ಟ ಹೆಂಗಸಿನ ಚಿತ್ರ ಇನ್ನೂ ಮಾಸಿರಲಿಲ್ಲ. ಎರಡಕ್ಕೂ ಬೀಗ. ಬಾಗಿಲ ಕೆಳಗಿನ ಸಂದಿನಿಂದ ಗೋಣಿಚೀಲದ ತುದಿ ಹೊರಗೆ ಇಣುಕಿತ್ತು.

"ಇನ್ಸ್‌ಪೆಕ್ಷನ್ನಿಗೆ ಕಟ್ಟಿಸಿದ್ದು. ಸಾಹೇಬರು ಬಂದು ನೋಡಿ ಹೋದ ಮ್ಯಾಲೆ ಚೀಲ ತುಂಬಿ ಬೀಗ ಹಾಕಿದರು," ಎಂದಳು ಮಲ್ಲೇಶ್ವರಿ. "ಮಾತ್ರಿ ಪುಕ್ಕಟೆ ಕೊಡೋ ಮನಿಯಾಗ ಒಂದು ಬೀಗ ತಗಿಯೋರು ಗತಿಯಿಲ್ಲ ನೋಡ್ರಿ."

ಗಂಗೋತ್ರಿಗೆ ತನ್ನ ಲ್ಯಾಬು ಕಣ್ಣ ಮುಂದೆ ಬಂತು. ಮಿಲ್ಲಿನಿಂದ ಮತ್ತೆ ಮತ್ತೆ ಬಂದ ಹೆಂಗಸರು, ಅದೇ ಉರಿ, ಪ್ಲೇಟಿನ ಮೇಲೆ ಅದೇ ಕ್ರಿಮಿ. ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಅಳೆದು ಬರೆದಿದ್ದಳು. ನೀರು ಕುಡಿಯದೆ ದಿನವಿಡೀ ಮೂತ್ರ ತಡೆದರೆ ಈ ಸೋಂಕು ಮರಳುತ್ತದೆ ಎಂದು ಗೊತ್ತಿದ್ದೂ, ಇವರಿಗೆ ಯಾಕೆ ಮತ್ತೆ ಮತ್ತೆ ಬರುತ್ತದೆ ಎಂದು ಮಾತ್ರ ಅಳೆಯಲು ಹೋಗಿರಲಿಲ್ಲ. ಈ ಮಿಲ್ಲಿನ ಅನ್ನ ತಿನ್ನುತ್ತಾ ಇಷ್ಟು ವರ್ಷವಾದರೂ ಈ ಮೂಲೆಗೆ ಅವಳು ಕಾಲಿಟ್ಟಿದ್ದು ಇದೇ ಮೊದಲು. ಅತ್ತೆಯ ಮೇಲೆ, ಮಲ್ಲೇಶ್ವರಿಯ ಮೇಲೆ ಹರಿದಾಡುತ್ತಿದ್ದ ಸಿಟ್ಟಿಗೆ ಈಗ ಸರಿಯಾದ ಜಾಗ ಸಿಕ್ಕಿತು.

"ಬಾಲರಾಜ್! ಕೀಲಿ ತಗೊಂಡು ಬಾ."

ಮೇಸ್ತ್ರಿ ಓಡಿ ಬಂದ. "ಕೀಲಿ ಧಣಿಗಳ ಹತ್ರ ಐತ್ರಿ ಅಮ್ಮಾರ. ಅವರನ್ನ ಕೇಳದ..."

ಅವನ ಮಾತು ಮುಗಿಯುವವರೆಗೆ ಅವಳು ಕಾಯಲಿಲ್ಲ. ಗೋಡೆಗೆ ಒರಗಿಸಿದ್ದ ಕಬ್ಬಿಣದ ಸರಳೊಂದನ್ನು ಎತ್ತಿ ಬೀಗಕ್ಕೆ ಹೊಡೆದಳು. ಮೊದಲ ಏಟು ಬಾಗಿಲಿಗೆ ಬಿತ್ತು. ಎರಡನೆಯದಕ್ಕೆ ಅವಳ ಅಂಗೈ ಜುಮ್ಮೆಂದಿತು. ಕೊಟ್ರಮ್ಮ, "ಅತ್ಲಾಗ ಸರೀರಿ ತಾಯಿ, ಲ್ಯಾಬಿನ ಕೆಲಸದ ಕೈ ಅದು," ಎಂದು ಸರಳು ಕಿತ್ತುಕೊಂಡು ಕೊಂಡಿಯೊಳಗೆ ತೂರಿಸಿ ಮೈಭಾರ ಹಾಕಿದಳು. ಕೊಂಡಿ ಕಿತ್ತುಬಂತು. ಹೆಂಗಸರು ಹುರುಪಿನಿಂದ ಚೀಲ ಎಳೆದು ಹೊರಗೆಸೆದರು. ಇಲಿ ಹೊರಬಿದ್ದಾಗ ಕಿರುಚಿ, ಮತ್ತೆ ಎಳೆದರು.

ಅಷ್ಟರಲ್ಲಿ ಸೋಮಶೇಖರಪ್ಪನವರ ಕಾರು ಬಂತು. ಬಾಲರಾಜ್ ಫೋನು ಮಾಡಿದ್ದ. ಹಿಂದಿನ ಸೀಟಿನಿಂದ ಅಕ್ಕನಾಗಮ್ಮನೂ ಇಳಿದರು. ಮಲ್ಲೇಶ್ವರಿಗೆ ಏನೋ ಆಗಿದೆ ಎಂದುಕೊಂಡು ಬಂದವರು.

"ಗಂಗೋತ್ರಿ! ಇದೇನು ಕೂಲಿಯಾಳಿನಂಗ?" ಮಾವನ ದನಿ ಯಂತ್ರದ ಸದ್ದಿನ ಮೇಲೆದ್ದಿತು. "ಮನಿಯಾಗ ಹೇಳಿದ್ದರ ತಗಸ್ತಿದ್ದಿಲ್ಲೇನು?"

"ಈ ಹೆಂಗಸರು ಹೇಳಿಲ್ಲೇನ್ರಿ ಮಾವಾರ?"

"ಮಾತ್ರಿ ಕೊಟ್ಟೀವಿ. ಹಬ್ಬಕ್ಕ ಸೀರಿ ಕೊಟ್ಟೀವಿ. ಯಾವ ಮಿಲ್ಲಿನಾಗ ಕೊಡ್ತಾರ ಕೇಳು."

"ಜಡ್ಡು ಮಾಡೋದೂ ನಾವ, ಮಾತ್ರಿ ಕೊಡೋದೂ ನಾವ. ಇವತ್ತು ಆಕಿ ಸೂಜಿ ತಪ್ಪಿಸಿ ಇಲ್ಲಿ ಕುಂತಾಳ, ನಿಮ್ಮ ಮೇಸ್ತ್ರಿಗೆ ಹೆದರಿ. ಕೂಸಿಗೆ ಏನಾರ ಆದರ ಯಾರ ಹೆಸರು ಬರೀಲಿ ನಾನು ರಿಪೋರ್ಟಿನಾಗ?"

ಸೋಮಶೇಖರಪ್ಪನವರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಅಕ್ಕನಾಗಮ್ಮ ಮುಂದೆ ಬಂದು ತೆರೆದ ಬಾಗಿಲಲ್ಲಿ ಬಗ್ಗಿ ನೋಡಿದರು.

"ನನಗಿದು ಗೊತ್ತಿದ್ದಿಲ್ಲ," ಎಂದರು, ಯಾರಿಗೂ ಅಲ್ಲದಂತೆ.

"ನೀವು ಕೇಳಿದ್ದಿಲ್ಲರಿ ಅವ್ವಾರ," ಎಂದಳು ಮಲ್ಲೇಶ್ವರಿ.

ಆ ಮಾತು ಅವರಿಗೆ ನಾಟಿತು. ಸೊಸೆಯ ಕಡೆ ಅವರು ತಿರುಗಲಿಲ್ಲ, ಗಂಡನ ಕಡೆ ತಿರುಗಿದರು. "ಹಂಚಾಕ ನಾನು, ಬೀಗ ಹಾಕಾಕ ನೀವು. ಛಲೋ ಪುಣ್ಯ ಕಟ್ಟಿಗೊಂಡ್ವಿ ಬಿಡ್ರಿ. ಈಕಿ ಔಷಧ ಮುಗಿಯೋ ತನ ಕೆಲಸಕ್ಕ ಬರಂಗಿಲ್ಲ, ಕೂಲಿ ಬರತೈತಿ. ಹೇಳ್ರಿ ಆ ಬಾಲರಾಜಗ."

"ಒಬ್ಬಾಕಿಗೆ ಕೊಟ್ಟರ ನಾಳೆ ಎಲ್ಲರೂ..."

"ಎಲ್ಲರಿಗೂ ಜಡ್ಡು ಬರಲಿಕ್ಕೆ ಬಿಟ್ಟವರು ನೀವು."

ಸೋಮಶೇಖರಪ್ಪನವರು ಸುತ್ತ ನಿಂತ ಹೆಂಗಸರನ್ನು ನೋಡಿದರು. ಯಾರೂ ತಲೆ ತಗ್ಗಿಸಲಿಲ್ಲ. "ಹಂಗ ಮಾಡು ಲೇ," ಎಂದು ಬಾಲರಾಜನ ಮೇಲೆ ಗದರಿ, ಸೊಸೆಯ ಕಡೆ ಬೆರಳು ತೋರಿಸಿ, "ನೀನು ಮನಿಗೆ ಬಾ, ಮಾತಾಡೂಣು," ಎಂದು ಕಾರು ಹತ್ತಿದರು.

"ಬರ್ತೀನ್ರಿ. ನಂದೂ ಮುಗಿದಿಲ್ಲ," ಎಂದಳು ಗಂಗೋತ್ರಿ. ಅವಳ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

ಹಿಂದೆ ಯಾರೋ ಡ್ರಮ್ಮಿನಿಂದ ಬಕೆಟಿಗೆ ನೀರು ಬಗ್ಗಿಸಿ ಸಂಡಾಸದ ನೆಲಕ್ಕೆ ಸುರಿದರು. ಮಲ್ಲೇಶ್ವರಿ ಕುಡಿಯುವ ನೀರಿನ ಕೊಡದ ಮೇಲಿದ್ದ ಚೊಂಬು ತಗೊಂಡು, ಅದರೊಳಗೆ ಅದ್ದಿ, ಎತ್ತಿ ಗಟಗಟ ಕುಡಿದಳು. ಇನ್ನೊಂದು ಚೊಂಬು ಕುಡಿದಳು. ಗದ್ದದಿಂದ ಇಳಿದ ನೀರು ಕತ್ತಿನ ಮೇಲಿನ ಹತ್ತಿಧೂಳಿನಲ್ಲಿ ಗೆರೆ ಕೊರೆಯಿತು.

"ನಡೀರಿ ಮೇಡಮ್ಮ," ಎಂದಳು. "ಆ ನರ್ಸಮ್ಮ ಬೈಯೋ ಮುಂಚೆ ಹೋಗೂಣು."